ಕೂಸು ಯಾರ ಕೈಯಾಗ?

ಪ್ರತಿ ಸೆಪ್ಟೆಂಬರ್ 17ಕ್ಕೆ, ಹೈದರಾಬಾದ್ ವಿಮೋಚನೆಯ ದಿನ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಧ್ವಜ ಏರುತ್ತದೆ, ಭಾಷಣ ನಡೆಯುತ್ತದೆ. ನಿಜಾಮನ ವಿರುದ್ಧ ಗಡಿಯಾಚೆ ಕಟ್ಟಿದ ಮುಂಡರಗಿ ಶಿಬಿರ, ಗಜೇಂದ್ರಗಡ ಶಿಬಿರ, ಅವುಗಳ ನಾಯಕರಾದ ಅಳವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಎಂದು ಹೆಸರುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕರೋಡಗಿರಿ ಎಂಬ ಸುಂಕದ ನಾಕಾಗಳ ಮೇಲಿನ ದಾಳಿ, ನಿಜಾಮನ ಪರ ನಿಂತ ರಜಾಕಾರರ ಹಾವಳಿ, ಕೊನೆಗೆ ಪೊಲೀಸ್ ಆ್ಯಕ್ಷನ್. ಬರಬೇಕಾದ್ದೇ, ತಕರಾರಿಲ್ಲ. ಆದರೆ ಒಂದು ಪ್ರಶ್ನೆಯನ್ನು ಯಾವ ವೇದಿಕೆಯಲ್ಲೂ ಯಾರೂ ಎತ್ತಿದ್ದು ನಾನು ಕೇಳಿಲ್ಲ. ಶಿಬಿರ ಸೇರಿದವರು ಹರೆಯದವರು. ಆ ಕಾಲದಲ್ಲಿ ಇಪ್ಪತ್ತೈದು ದಾಟಿದ ಗಂಡಸಿಗೆ ಮದುವೆಯಾಗಿ ಒಂದೆರಡು ಮಕ್ಕಳಿರುವುದು ರೂಢಿ. ಅಪ್ಪ ಗಡಿಯಾಚೆ ಬಂದೂಕು ಹಿಡಿದು ಕೂತಿದ್ದ ತಿಂಗಳುಗಳಲ್ಲಿ ಗಡಿಯೀಚೆ ಆ ಮಕ್ಕಳಿಗೆ ಉಣಿಸಿ, ತಟ್ಟಿ ಮಲಗಿಸಿದವರು ಯಾರು?

ಇದನ್ನು ಕೇಳುವುದರಿಂದ ಶಿಬಿರದವರ ದೊಡ್ಡಸ್ತಿಕೆ ಕಡಿಮೆಯಾಗುವುದಿಲ್ಲ. ಆದರೆ ನಮ್ಮ ಸೀಮೆಯ ಚರಿತ್ರೆಯ ಅರ್ಧ ಭಾಗ ಅಡುಗೆಮನೆಯಲ್ಲೇ ಉಳಿದುಬಿಟ್ಟಿದೆ ಎನ್ನುವುದು ಕೇಳಿದಾಗಲೇ ಕಾಣುತ್ತದೆ.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಈ ನಾಲ್ಕೂ ತಾಲೂಕುಗಳು ಹೈದರಾಬಾದ್ ನಿಜಾಮನ ರಾಜ್ಯದಲ್ಲೇ ಉಳಿದವು. ಕೊಪ್ಪಳ, ಯಲಬುರ್ಗಾಗಳಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಪಡುವಣಕ್ಕೆ ಗದಗ, ಮುಂಡರಗಿ ಮುಂಬೈ ಪ್ರಾಂತ್ಯದಲ್ಲಿದ್ದರೆ, ತುಂಗಭದ್ರೆಯ ಆಚೆಗಿನ ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಧಾರವಾಡದ ಕಡೆಯವರು ನಮ್ಮ ಸೀಮೆಯನ್ನು ‘ಮೊಗಲಾಯಿ’ ಎನ್ನುತ್ತಿದ್ದರು. ಮೂರು ಸರಕಾರಗಳು ಸೇರುವ ಮೂಲೆಯಾದರೂ ಹೆಣ್ಣು ಕೊಡುವಾಗ ತರುವಾಗ ಯಾರೂ ಗಡಿಕಲ್ಲು ನೋಡಿರಲಿಲ್ಲ. ಅಳವಂಡಿಯ ಸೊಸೆಗೆ ಮುಂಡರಗಿ ಕಡೆ ತವರು, ಯಲಬುರ್ಗಾದ ಸೊಸೆಗೆ ಗಜೇಂದ್ರಗಡದ ಕಡೆ ಅಣ್ಣತಮ್ಮಂದಿರು, ಗಂಗಾವತಿಯವಳಿಗೆ ಹೊಳೆಯಾಚೆ ಕಂಪ್ಲಿಯಲ್ಲಿ ಚಿಕ್ಕಮ್ಮ. ಇದು ಆಗ ದಿನನಿತ್ಯದ ಮಾತು.

ಹಾವಳಿ ಹೆಚ್ಚಿದಾಗ ಈ ಬೀಗತನವೇ ದಾರಿಯಾಯಿತು. ಗಡಿ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಧಾರವಾಡ, ಬಳ್ಳಾರಿ ಜಿಲ್ಲೆಗಳತ್ತ ನಡೆದರು. ನಿರಾಶ್ರಿತರೆಂದರೆ ನಮಗೆ ಇಂದು ಡೇರೆ, ಗಂಜಿ ಕೇಂದ್ರ ನೆನಪಾಗುತ್ತವೆ. ಅಂದು ಮಗುವಿನ ಮಟ್ಟಿಗೆ ನಿರಾಶ್ರಿತ ಶಿಬಿರವೆಂದರೆ ಅಜ್ಜನ ಮನೆ. ಬಾಣಂತನಕ್ಕೆ ತವರಿಗೆ ಹೋಗುವ ದಾರಿಯಲ್ಲೇ ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ನಡೆದರು. ಅಲ್ಲಿ ತೊಟ್ಟಿಲಿತ್ತು, ಕೌದಿಯಿತ್ತು, ಎಮ್ಮೆಯಿತ್ತು, ಎಣ್ಣೆ ತಿಕ್ಕುವ ಕೈಯೂ ಇತ್ತು. ಗಡಿಯಾಚೆ ಬೀಗರಿಲ್ಲದವರು, ಆಳುಮಕ್ಕಳು, ಬೇರೆಯವರ ಹೊಲದಲ್ಲಿ ದುಡಿಯುವವರು ಎಲ್ಲಿಗೆ ಹೋದರು ಎಂಬುದಕ್ಕೆ ಇಷ್ಟು ಸರಳ ಉತ್ತರವಿಲ್ಲ. ಬಹಳ ಮಂದಿ ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಇದ್ದು ಹೆದರಿದರು. ಓಡಿಹೋಗಲಿಕ್ಕೂ ಆಚೆ ಒಂದು ಮನೆ ಇರಬೇಕಲ್ಲ.

ಇನ್ನೊಂದು ಕಲಿಕೆಯೂ ಆ ತಿಂಗಳುಗಳಲ್ಲಿ ನಡೆದಿರಲೇಬೇಕು. ಅಪ್ಪ ಶಿಬಿರದಲ್ಲಿದ್ದಾನೆ ಎಂದು ಐದು ವರ್ಷದ ಮಗು ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟರೆ ಮನೆಗೆ ಅಪಾಯ. ಹಾಗಾಗಿ ಮಾತು ಕಲಿಯುವ ವಯಸ್ಸಿನಲ್ಲೇ ಮಾತು ನುಂಗುವುದನ್ನೂ ಕಲಿಸಬೇಕಾಯಿತು. ಎಂಬತ್ತು ದಾಟಿದ ಕೆಲವು ಹಿರಿಯರು ಹಾವಳಿಯ ವಿಷಯ ಬಂದಾಗ ಇಂದಿಗೂ ದನಿ ತಗ್ಗಿಸುತ್ತಾರೆ. ಅದಕ್ಕೆ ಬೇರು ಅಲ್ಲಿರಬಹುದು ಎಂಬುದು ನನ್ನ ಅಂದಾಜು.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನುಗ್ಗಿತು, 17ಕ್ಕೆ ನಿಜಾಮ ಶರಣಾದ. ನಮ್ಮ ಭಾಷಣಗಳು ಅಲ್ಲಿಗೆ ಮುಗಿಯುತ್ತವೆ. ಮಕ್ಕಳ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲಿನ ದಿನಗಳಲ್ಲಿ ಹೈದರಾಬಾದ್ ರಾಜ್ಯದ ಹಲವೆಡೆ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದವು. ಕೇಂದ್ರ ಸರಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇಡೀ ರಾಜ್ಯದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ಪೆಟ್ಟು ಬಿದ್ದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಸೇರಿದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ರಜಾಕಾರನೇ ಅಲ್ಲದ ನೇಕಾರನ, ಪಿಂಜಾರನ ಮನೆಯ ಕೂಸು ಕೂಡ ಅಪ್ಪನಿಲ್ಲದೆ ಬೆಳೆಯಿತು. ಅಲ್ಲೂ ಸಾಕಿದವಳು ಮನೆಯಲ್ಲಿ ಉಳಿದವಳೇ: ನಾನಿ, ದಾದಿ, ಇಲ್ಲವೇ ಇಪ್ಪತ್ತಕ್ಕೇ ವಿಧವೆಯಾದ ತಾಯಿ. ಹದಿನೇಳರ ವೇದಿಕೆಯಲ್ಲಿ ಈ ಮಕ್ಕಳಿಗೂ ಒಂದು ಮಾತು ಸಲ್ಲಬೇಕು ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಸಮಾಜ ಅಲುಗಾಡಿದಾಗ ಮಕ್ಕಳನ್ನು ಸಾಕಿದವರು ಯಾರು ಎಂಬ ಪ್ರಶ್ನೆಯನ್ನು ಬಹಳ ದೊಡ್ಡದಾಗಿ ಎದುರಿಸಿದ ದೇಶ ರಷ್ಯಾ. ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಮಳಿಗೆಗಳಲ್ಲಿ ನಾಲ್ಕಾಣೆ ಎಂಟಾಣೆಗೆ ಸಿಗುತ್ತಿದ್ದ ಬಣ್ಣದ ಚಿತ್ರದ ಕನ್ನಡ ಪುಸ್ತಕಗಳನ್ನು ಓದಿ ಬೆಳೆದ ನನ್ನ ಓರಗೆಯವರಿಗೆ ಸೋವಿಯತ್ ಮಗು ಎಂದರೆ ಕೆಂಪು ಗಲ್ಲ, ಉಣ್ಣೆ ಟೊಪ್ಪಿಗೆ, ಹಿಮದಲ್ಲಿ ಜಾರುಬಂಡಿ. ಆ ಚಿತ್ರದ ಹಿಂದಿನ ಕಥೆ ಅಷ್ಟು ಚೆಂದವಿರಲಿಲ್ಲ.

1917ರ ಕ್ರಾಂತಿಯ ಮರುವರ್ಷವೇ ಹೊಸ ಕುಟುಂಬ ಕಾನೂನು ಬಂತು. ಮದುವೆಯಾಚೆ ಹುಟ್ಟಿದ ಮಗುವಿಗೂ ಮದುವೆಯೊಳಗೆ ಹುಟ್ಟಿದ ಮಗುವಿಗೂ ಸಮಾನ ಹಕ್ಕು ಎಂದು ಅದು ಸಾರಿತು. ಹುಲಿಗಿಯ ಹುಲಿಗೆಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ನಮ್ಮ ಸೀಮೆಯಲ್ಲಿ, ಶಾಲೆಯ ಅರ್ಜಿಯ ‘ತಂದೆಯ ಹೆಸರು’ ಎಂಬ ಕಾಲಮಿನ ಮುಂದೆ ಮಾಜಿ ದೇವದಾಸಿಯರ ಮಕ್ಕಳು ತಲೆತಗ್ಗಿಸಿ ನಿಂತದ್ದನ್ನು ನೆನೆದರೆ, 1918ರಲ್ಲೇ ಹಾಗೊಂದು ಕಾನೂನು ಬರೆದವರಿಗೆ ಕೈಮುಗಿಯಬೇಕೆನ್ನಿಸುತ್ತದೆ. ಅದೇ ಕಾನೂನು ಇನ್ನೊಂದು ವಿಚಿತ್ರವನ್ನೂ ಮಾಡಿತು. ದತ್ತು ತೆಗೆದುಕೊಳ್ಳುವುದನ್ನೇ ನಿಷೇಧಿಸಿತು. ರೈತರು ದತ್ತಿನ ನೆಪದಲ್ಲಿ ಮಕ್ಕಳನ್ನು ಪುಕ್ಕಟೆ ಆಳುಗಳಾಗಿ ದುಡಿಸುತ್ತಾರೆ ಎಂಬುದು ಒಂದು ಕಾರಣ. ಅನಾಥ ಮಗುವನ್ನು ಮನೆಗಿಂತ ಸರಕಾರವೇ ಚೆನ್ನಾಗಿ ಸಾಕುತ್ತದೆ ಎಂಬ ನಂಬಿಕೆ ಇನ್ನೊಂದು.

ನಂಬಿಕೆಗೆ ಪರೀಕ್ಷೆ ಬೇಗ ಬಂತು. ಮಹಾಯುದ್ಧ, ಅಂತರ್ಯುದ್ಧ, ಆಮೇಲೆ 1921–22ರಲ್ಲಿ ವೋಲ್ಗಾ ಸೀಮೆಯ ಬರ. ಸುಮಾರು ಐವತ್ತು ಲಕ್ಷ ಜನ ಸತ್ತರು. ರೈಲು ನಿಲ್ದಾಣಗಳಲ್ಲಿ, ಹಾಳು ಕಟ್ಟಡಗಳಲ್ಲಿ ಮಲಗುವ ಅನಾಥ ಮಕ್ಕಳ ಸಂಖ್ಯೆ ನಲವತ್ತು ಲಕ್ಷದಿಂದ ಎಪ್ಪತ್ತು ಲಕ್ಷದವರೆಗೆ ಏರಿತ್ತೆಂದು ಅಂದಾಜು. ಅವರಿಗೆ ‘ಬೆಸ್‌ಪ್ರಿಜೋರ್ನಿಕಿ’ ಎನ್ನುತ್ತಿದ್ದರು, ನೋಡಿಕೊಳ್ಳುವವರಿಲ್ಲದವರು. ಸರಕಾರ ಮಕ್ಕಳ ಮನೆಗಳನ್ನು ತೆರೆಯಿತು. ಕೆಲವು ನಿಜಕ್ಕೂ ಚೆನ್ನಾಗಿದ್ದವು. ಪೊಲ್ಟಾವಾ ಬಳಿ 1920ರಲ್ಲಿ ಆಂಟನ್ ಮಕರೆಂಕೊ ಶುರುಮಾಡಿದ ವಸಾಹತಿನಲ್ಲಿ ಕಳ್ಳತನಕ್ಕಿಳಿದಿದ್ದ ಹುಡುಗರು ಹೊಲ ಉತ್ತು, ಓದಿ, ಮನುಷ್ಯರಾಗಿ ಹೊರಬಂದರು. ಬಹಳಷ್ಟು ಮನೆಗಳಲ್ಲಿ ಮಾತ್ರ ಊಟವಿರಲಿಲ್ಲ, ಹಾಸಿಗೆಯಿರಲಿಲ್ಲ. ಕೊನೆಗೆ 1926ರಲ್ಲಿ ಸರಕಾರವೇ ದತ್ತು ನಿಷೇಧವನ್ನು ಹಿಂತೆಗೆದುಕೊಂಡು, ಯಾವ ರೈತನನ್ನು ನಂಬಲಾರೆನೆಂದಿತ್ತೋ ಅವನ ಮನೆಗೇ ಮಕ್ಕಳನ್ನು ಕಳಿಸಿತು.

ಮೂವತ್ತರ ದಶಕಕ್ಕೆ ಗಾಳಿ ಪೂರ್ತಿ ತಿರುಗಿತು. 1936ರಲ್ಲಿ ಗರ್ಭಪಾತ ನಿಷೇಧವಾಗಿ, ವಿಚ್ಛೇದನ ದುಬಾರಿಯಾಗಿ, ಒಮ್ಮೆ ಹಳತೆಂದು ಬದಿಗೊತ್ತಿದ್ದ ಕುಟುಂಬ ಮತ್ತೆ ಪವಿತ್ರವಾಯಿತು. ಅದರ ಮರುವರ್ಷವೇ ಸ್ಟಾಲಿನ್‌ನ ಮಹಾ ದಮನ. ಜನದ್ರೋಹಿ ಎಂದು ಅಪ್ಪನನ್ನು ಒಯ್ದರು, ಹೆಂಡತಿಯಾದ ತಪ್ಪಿಗೆ ಅವ್ವನನ್ನೂ ಒಯ್ದರು, ಮಕ್ಕಳನ್ನು ಅನಾಥಾಲಯಗಳಿಗೆ ಹಂಚಿದರು. ಆಗ ಊರೂರು ಅಲೆದು, ಕಚೇರಿಗಳ ಮುಂದೆ ಸಾಲಿನಲ್ಲಿ ನಿಂತು ಮೊಮ್ಮಕ್ಕಳನ್ನು ಹುಡುಕಿ ತಂದವಳು ಬಾಬುಷ್ಕಾ, ಅಂದರೆ ಅಜ್ಜಿ. ಇತಿಹಾಸಕಾರ ಒರ್ಲಾಂಡೊ ಫೈಜೀಸ್ 2007ರಲ್ಲಿ ಪ್ರಕಟಿಸಿದ ‘ದಿ ವಿಸ್ಪರರ್ಸ್’ ಸ್ಟಾಲಿನ್ ಕಾಲದ ನೂರಾರು ಮನೆಗಳ ನೆನಪುಗಳನ್ನು ಆಧರಿಸಿದ ಪುಸ್ತಕ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ಆಕೃತಿ ಈ ಅಜ್ಜಿಯದೇ. ಶಾಲೆ ದೇವರಿಲ್ಲ ಎಂದು ಕಲಿಸಿದರೆ ಅವಳು ಗುಟ್ಟಾಗಿ ಮೊಮ್ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ಬರುತ್ತಿದ್ದಳು. ಮನೆಯೊಳಗಿನ ಮಾತು ಹೊರಗೆ ಆಡಬಾರದೆಂದೂ ಕಲಿಸುತ್ತಿದ್ದಳು. ಮುಂಡರಗಿ ಗಡಿಯ ಮನೆಗಳ ಪಾಠವೂ ಇದೇ ಅಲ್ಲವೇ?

ಬಾಬುಷ್ಕಾಳನ್ನು ಬರೀ ಪ್ರೀತಿಯ ಮೂರ್ತಿ ಮಾಡಿ ನಿಲ್ಲಿಸಿದರೆ ತಪ್ಪಾದೀತು. ಅವಳ ಹಿಂದೆ ಒಂದು ಲೆಕ್ಕಾಚಾರವಿತ್ತು. ಸೋವಿಯತ್ ಕಾರ್ಖಾನೆಗಳಿಗೆ ಹರೆಯದ ಹೆಂಗಸರು ದುಡಿಯಲು ಬೇಕಿತ್ತು, ಶಿಶುಪಾಲನಾ ಕೇಂದ್ರಗಳು ಸಾಲುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಗಂಡಸರು ಲಕ್ಷಗಟ್ಟಲೆ ಸತ್ತಿದ್ದರಿಂದ ಎಷ್ಟೋ ಮನೆಗಳಲ್ಲಿ ದುಡಿಯುವವಳು, ಸಾಕುವವಳು ಎಂದು ಇಬ್ಬರು ಹೆಂಗಸರೇ ಉಳಿದಿದ್ದರು. 1956ರ ಪಿಂಚಣಿ ಕಾನೂನಿನ ಪ್ರಕಾರ ಹೆಂಗಸಿಗೆ 55ಕ್ಕೇ ನಿವೃತ್ತಿ. ಐವತ್ತೈದರ ಗಟ್ಟಿ ಹೆಂಗಸು, ಕೈಯಲ್ಲಿ ಸಣ್ಣದಾದರೂ ಪಿಂಚಣಿ, ಒಂದೇ ಕೋಣೆಯಲ್ಲಿ ಮೂರು ತಲೆಮಾರು. ಮಗು ಅವಳ ಕೈಗೆ ಬರದೆ ಇನ್ನೆಲ್ಲಿಗೆ ಹೋದೀತು? ಕುಟುಂಬದ ಬದಲಿಗೆ ತಾನೇ ನಿಲ್ಲುತ್ತೇನೆಂದು ಹೊರಟಿದ್ದ ಸರಕಾರ ಕೊನೆಗೆ ಆತು ನಿಂತದ್ದು ಮುದುಕಿಯ ಹೆಗಲಿಗೆ. ವ್ಯತ್ಯಾಸ ಇಷ್ಟೇ, ಆ ಹೆಗಲಿಗೆ ಅದು ಒಂದಿಷ್ಟು ರೂಬಲ್ ಕೊಟ್ಟಿತ್ತು.

ನಡುವೆ ಒಂದು ತಮಾಷೆ. ಜೆಫ್ರಿ ಗೋರರ್ ಎಂಬ ಆಂಗ್ಲ ವಿದ್ವಾಂಸ 1949ರಲ್ಲಿ ಒಂದು ವಾದ ಹೂಡಿದ. ರಷ್ಯನ್ನರು ಹಸುಗೂಸನ್ನು ಕೈಕಾಲು ಅಲುಗದಂತೆ ಬಟ್ಟೆಯಲ್ಲಿ ಬಿಗಿದು ಸುತ್ತುತ್ತಾರೆ, ಅದಕ್ಕೇ ದೊಡ್ಡವರಾದ ಮೇಲೆ ಅವರು ಬಿಗಿಯಾದ ಆಳ್ವಿಕೆಯನ್ನು ಸಹಿಸುತ್ತಾರೆ ಎಂದು. ಎರೆದು ಲೋಬಾನ ಹಾಕಿ, ಹಳೇ ಸೀರೆಯ ತುಂಡಿನಲ್ಲಿ ಕೂಸನ್ನು ಬಿಗಿದು, ಕುಂಚಿಗೆ ತೊಡಿಸಿ ಮಲಗಿಸುವ ನಮ್ಮ ಅಜ್ಜಿಯರನ್ನು ಗೋರರ್ ನೋಡಿದ್ದರೆ ಏನು ಬರೆಯುತ್ತಿದ್ದನೋ. ಹಾಗೆ ಸುತ್ತಿಸಿಕೊಂಡು ಬೆಳೆದವರೇ ತಾನೇ ನಿಜಾಮನ ವಿರುದ್ಧ ಬಂದೂಕು ಹಿಡಿದದ್ದು! ಸಾಕಣೆಯ ರೀತಿಯಲ್ಲಿ ಇಡೀ ಜನಾಂಗದ ರಾಜಕೀಯ ಹುಡುಕುವವರ ಮಾತನ್ನು ಅನುಮಾನದಿಂದಲೇ ಕೇಳಬೇಕು. ಯಾರು ಸಾಕಿದರು, ಏನುಣಿಸಿ ಸಾಕಿದರು, ಯಾರ ದುಡ್ಡಿನಲ್ಲಿ ಸಾಕಿದರು ಎಂಬ ಲೆಕ್ಕ ಹೆಚ್ಚು ಉಪಯೋಗದ್ದು.

ಆ ಲೆಕ್ಕ ಹಿಡಿದು ನಮ್ಮ ಸೀಮೆಗೆ ಮರಳಿದರೆ, 1948ರ ನಂತರದ ದೊಡ್ಡ ಪಲ್ಲಟ ನೀರಿನದು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಹೊಲ ಕೊಂಡು ಶ್ರೀರಾಮನಗರದಂಥ ಕ್ಯಾಂಪುಗಳನ್ನು ಕಟ್ಟಿದರು. ಹಿನ್ನೀರಿನಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ಕುಷ್ಟಗಿ, ಯಲಬುರ್ಗಾಗಳಿಗೆ ಆ ಕಾಲುವೆ ಬರಲಿಲ್ಲ. ಒಂದೇ ಜಿಲ್ಲೆಯೊಳಗೆ ವರ್ಷಕ್ಕೆ ಎರಡು ಬೆಳೆಯ ನೆಲ ಒಂದು, ಮಳೆಯ ದಾರಿ ಕಾಯುವ ನೆಲ ಇನ್ನೊಂದು. ಒಣಭೂಮಿಯ ಹೆಂಗಸರು ಟಂಟಂ ಹತ್ತಿ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿಗೆ ಹೋಗುವುದು ಹಾಗೆ ಶುರುವಾಯಿತು. ಕೆಸರಿನಲ್ಲಿ ಬಗ್ಗಿದವರು ಹೊಸದಾಗಿ ಗುಂಪು ಸೇರಿದ ಬಾಣಂತಿಯನ್ನು ಮೊದಲು ಕೇಳುವ ಮಾತು, “ಕೂಸು ಯಾರ ಕೈಯಾಗ ಬಿಟ್ಟು ಬಂದೀ, ತಂಗಿ?” ಉತ್ತರ ಎರಡೇ ಬಗೆಯದು. ಒಂದು, “ನಮ್ಮತ್ತಿ ಕಡೆ ಬಿಟ್ಟೀನಿ, ಯಕ್ಕಾ.” ಇನ್ನೊಂದು, ಬದುವಿನ ಜಾಲಿಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯ ಕಡೆ, ಅದನ್ನು ತೂಗುತ್ತಿರುವ ಎಂಟು ವರ್ಷದ ಹುಡುಗಿಯ ಕಡೆ ಒಂದು ಕಣ್ಸನ್ನೆ.

ಆ ಹುಡುಗಿಯ ಬಗ್ಗೆ ನಿಂತು ಮಾತಾಡಬೇಕು. ಅಜ್ಜಿ ಇಲ್ಲದ ಮನೆಯಲ್ಲಿ ಅಜ್ಜಿಯ ಕೆಲಸ ಅಕ್ಕನಿಗೆ ಬೀಳುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆಯಲ್ಪಡುವ ಅವಳು ಎಲ್ಲೂ ಗೈರಾಗಿರುವುದಿಲ್ಲ, ತಮ್ಮನ ಹತ್ತಿರ ಹಾಜರಿರುತ್ತಾಳೆ. ಕಡ್ಡಾಯ ಶಿಕ್ಷಣದ ಕಾನೂನು 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೇಷ್ಟ್ರು ಮನೆಗೇ ಹೋಗಿ ಕರೆತಂದರೆ ಹುಡುಗಿ ಕಂಕುಳಲ್ಲಿ ಕೂಸಿಟ್ಟುಕೊಂಡೇ ಬಂದು ಕೂರುತ್ತಾಳೆ, ಕೂಸು ಅತ್ತೊಡನೆ ಎದ್ದು ಹೋಗುತ್ತಾಳೆ. ಅವಳ ಓದನ್ನು ನುಂಗಿದ್ದು ಬಡತನ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಹತ್ತಿರ ಹೋಗಿ ನೋಡಿದರೆ ನುಂಗಿದ್ದು ಒಂದೂವರೆ ವರ್ಷದ ತಮ್ಮನನ್ನು ಹಿಡಿಯುವ ಇನ್ನೊಂದು ಕೈ ಇಲ್ಲದಿದ್ದದ್ದು.

ನಾಟಿಗೆ ಹೋದವರು ಸಂಜೆಗೋ ವಾರಕ್ಕೋ ಮರಳುತ್ತಾರೆ. ಗುಳೆ ಹೋದವರು ಹಾಗಲ್ಲ. ಸಜ್ಜೆ, ಹೆಸರು, ಶೇಂಗಾ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಕುಷ್ಟಗಿ, ಯಲಬುರ್ಗಾದ ಬಸ್ ನಿಲ್ದಾಣಗಳಲ್ಲಿ ಹಾಸಿಗೆ ಸುರುಳಿ, ಜೋಳದ ಚೀಲ, ಬೋಗುಣಿಗಳು ಸಾಲು ಹಿಡಿಯುತ್ತವೆ. ಬೆಂಗಳೂರು, ಮಂಗಳೂರು, ಉಡುಪಿ, ಗೋವಾ. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಇಟ್ಟಂಗಿ ಭಟ್ಟಿ. ಯುಗಾದಿಗೋ ಮುಂಗಾರಿಗೋ ವಾಪಸು. ಹಾಲು ಕುಡಿಯುವ ಕೂಸು ತಾಯಿಯ ಜೊತೆ ಹೋಗುತ್ತದೆ, ಶಾಲೆಗೆ ಹೋಗುವುದು ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತದೆ. ನಡುವಿನವರಿಗೆ, ಮೂರರಿಂದ ಆರರ ಮಕ್ಕಳಿಗೆ, ವರ್ಷಕ್ಕೊಂದು ತೀರ್ಮಾನ. ರಜಾಕಾರರಾಗಲೀ ಅಂತರ್ಯುದ್ಧವಾಗಲೀ ಇಲ್ಲದೆ, ಯಾವ ಪತ್ರಿಕೆಯ ಮುಖಪುಟಕ್ಕೂ ಬಾರದೆ, ಪ್ರತಿ ಚಳಿಗಾಲ ಮನೆಗಳು ಎರಡಾಗಿ ಒಡೆಯುತ್ತವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಒಮ್ಮೆಲೇ ಊರಿಗೆ ಮರಳಿದಾಗ ಮಾತ್ರ ಎಷ್ಟು ಮನೆಗಳು ಹೀಗೆ ಒಡೆದು ನಿಂತಿದ್ದವು ಎಂದು ನಗರಗಳಿಗೆ ಕಂಡಿತು.

ಸರಕಾರ ಏನೂ ಮಾಡಿಲ್ಲ ಎನ್ನಲಾಗದು. 1975ರಲ್ಲಿ ದೇಶದಲ್ಲಿ ಶುರುವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಇವತ್ತು ಊರೂರಿಗೂ ಇದೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಬಂದದ್ದು ಈಶಾನ್ಯದ ಏಳು ಜಿಲ್ಲೆಗಳಿಗೆ, ಅದರಲ್ಲಿ ಕೊಪ್ಪಳವೂ ಒಂದು. ಮಕ್ಕಳ ಮಧ್ಯಾಹ್ನದ ಊಟದ ಹೊಣೆ ಅಜ್ಜಿಯ ಹೆಗಲಿಂದ ಇಳಿದದ್ದು ಸಣ್ಣ ಮಾತಲ್ಲ. 2023ರ ಬಜೆಟ್‌ನಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಉದ್ಯೋಗ ಖಾತ್ರಿಯ ಕೂಲಿಕಾರ್ತಿಯರ ಮೂರು ವರ್ಷದೊಳಗಿನ ಮಕ್ಕಳಿಗೆ. ಜೋಳಿಗೆ ತೂಗುವ ಅಕ್ಕನನ್ನು ಶಾಲೆಗೆ ಕಳಿಸಬಲ್ಲ ಯೋಜನೆ ಯಾವುದಾದರೂ ಇದ್ದರೆ ಇದೇ. ಗುಳೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಋತುಮಾನದ ವಸತಿ ಶಾಲೆಗಳಿವೆ. ಕೊಪ್ಪಳದ ಗವಿಮಠ ಸಾವಿರಾರು ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಡುತ್ತಿದೆ, 2022ರಲ್ಲಿ ಐದು ಸಾವಿರ ಮಕ್ಕಳ ಹಾಸ್ಟೆಲ್‌ಗೆ ಕೈಹಾಕಿತು. ಆದರೆ ಮಠಕ್ಕೆ ಸೇರುವುದು ಓದುವ ವಯಸ್ಸಿನ ಮಗು, ತೊಟ್ಟಿಲ ಕೂಸಲ್ಲ. ಅಂಗನವಾಡಿಯ ಬಾಗಿಲು ಸಂಜೆಗೆ ಮುಚ್ಚುತ್ತದೆ. ಮಗುವಿಗೆ ಜ್ವರ ಬರುವುದು ಬಹಳ ಮಾಡಿ ರಾತ್ರಿ. ಆಗ ಇರುವವಳು ಅಜ್ಜಿ ಒಬ್ಬಳೇ.

ಅವಳಿಗೆ ನಾವು ಕೊಡುತ್ತಿರುವುದೇನು? ಸೋವಿಯತ್ ಬಾಬುಷ್ಕಾಳಿಗೆ 55ಕ್ಕೆ ಪಿಂಚಣಿ ಸಿಕ್ಕಿತ್ತು. ನಮ್ಮ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಸಿಗಬೇಕಾದರೆ 65 ತುಂಬಬೇಕು. ಚಿಕ್ಕ ವಯಸ್ಸಿಗೆ ಮದುವೆ ನಡೆಯುವ ಸೀಮೆಯಲ್ಲಿ ಹೆಂಗಸು ಅಜ್ಜಿಯಾಗುವುದು ನಲವತ್ತರ ಆಸುಪಾಸಿಗೆ. ಅಂದರೆ ಮೊದಲ ಮೊಮ್ಮಗುವಿಗೂ ಆ 1,200 ರೂಪಾಯಿಗೂ ನಡುವೆ ಸುಮಾರು ಇಪ್ಪತ್ತೈದು ವರ್ಷ. ಆ ಇಪ್ಪತ್ತೈದು ವರ್ಷ ಅವಳು ಹೊಲದಲ್ಲಿ ಕಳೆ ತೆಗೆಯುತ್ತಾಳೆ, ಎಮ್ಮೆ ಕಾಯುತ್ತಾಳೆ, ಮೊಮ್ಮಕ್ಕಳನ್ನೂ ಸಾಕುತ್ತಾಳೆ. ರಷ್ಯಾ ಕುಟುಂಬವನ್ನು ಕಿತ್ತುಹಾಕಲು ನೋಡಿ ಸೋತಿತು. ನಮ್ಮ ಆಡಳಿತ ಅಂಥ ದುಸ್ಸಾಹಸ ಮಾಡಲಿಲ್ಲ. ಕುಟುಂಬ ಹೇಗೂ ಇದೆಯಲ್ಲ, ಮುದುಕಿ ಹೇಗೂ ನೋಡಿಕೊಳ್ಳುತ್ತಾಳಲ್ಲ ಎಂದು ಸುಮ್ಮನಿದ್ದುಬಿಟ್ಟಿತು. ಎರಡನೆಯದು ಕಡಿಮೆ ಕ್ರೂರ, ಒಪ್ಪುತ್ತೇನೆ. ಜವಾಬ್ದಾರಿ ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ಹೆಚ್ಚು ಜಾಣ.

ದೊಡ್ಡ ಕ್ರಾಂತಿಯೇನೂ ಬೇಡ. ಋತುಮಾನದ ವಸತಿ ಶಾಲೆ ತೆರೆಯುವ ದಿನವನ್ನು ಅನುದಾನ ಬಿಡುಗಡೆಯಾಗುವ ದಿನ ನೋಡಿ ಗೊತ್ತುಮಾಡುವ ಬದಲು ಮಳೆ ನೋಡಿ ಗೊತ್ತುಮಾಡಿದರೂ ಅರ್ಧ ಕೆಲಸವಾದೀತು. ಕುಷ್ಟಗಿ ಹೋಬಳಿಯಲ್ಲಿ ಹಿಂಗಾರು ಹಿಡಿಯಿತೋ ಬಿಟ್ಟಿತೋ ಎಂಬುದು ಅಕ್ಟೋಬರ್ ಮುಗಿಯುವುದರೊಳಗೆ ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು, ರೈತ ಸಂಪರ್ಕ ಕೇಂದ್ರಕ್ಕೂ ಗೊತ್ತು. ದೀಪಾವಳಿಯ ಮರುದಿನ ಬಸ್ಸಿಗೆ ಕಾಯುವ ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಬಾಯಲ್ಲೇ ಹೇಳುತ್ತಾಳೆ. ಹಾಗಿರುವಾಗ ಬೆಳೆ ಹಾನಿಯ ವರದಿ ತಾಲೂಕು ಕಚೇರಿಗೆ ಬರುವ ದಿನವೇ ಅದರ ಒಂದು ಪ್ರತಿ ಶಿಶು ಅಭಿವೃದ್ಧಿ ಅಧಿಕಾರಿಯ ಮೇಜಿಗೂ ಹೋಗಬೇಕು. ಯಾವ ಊರಿನ ಎಷ್ಟು ಮುದುಕಿಯರ ಹತ್ತಿರ ಎಷ್ಟು ಮಕ್ಕಳು ಉಳಿಯಲಿದ್ದಾರೆ ಎಂಬ ಕಾಲಮನ್ನೂ ಆ ವರದಿಗೆ ಸೇರಿಸಬೇಕು.